ಬಂಗುಡೆ ಯಾವುದು, ಬೂತಾಯಿ ಯಾವುದು? ಸಣ್ಣ ಐಕಾನ್ ಬಿಡಿಸುವವರ ಚರ್ಚೆ

ಬಂದರು_ಬೀದಿ (ಮಂಗಳೂರು)

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನ ಒಂದು ಸಣ್ಣ ಸ್ಟುಡಿಯೋದಲ್ಲಿ ಡಿಸೈನರ್. ಈಗ ಕೈಯಲ್ಲಿರುವುದು ಮನೆಗೆ ಮೀನು ತಲುಪಿಸುವವರ ಆ್ಯಪ್. ಬಂಗುಡೆ, ಬೂತಾಯಿ, ಅಂಜಲ್, ಮಾಂಜಿ, ಕಾಣೆ, ನಂಗು, ಸಿಗಡಿ, ಏಡಿ, ಒಂದೊಂದಕ್ಕೂ ಒಂದು ಐಕಾನ್ ಬೇಕು. ಜೊತೆಗೆ ಬುಟ್ಟಿ, ಹುಡುಕಾಟ, ವಿಳಾಸ, ಕಟ್ ಮಾಡಿ ಕೊಡುವುದು ಹೀಗೆ ಒಂದಷ್ಟು.

ದೊಡ್ಡದಾಗಿ ನೋಡಿದರೆ ಎಲ್ಲವೂ ಚೆಂದ ಉಂಟು. 24 ಪಿಕ್ಸೆಲ್‌ಗೆ ಇಳಿಸಿದ ಕೂಡಲೇ ಸಿಗಡಿ, ಏಡಿ ಬಿಟ್ಟರೆ ಉಳಿದದ್ದೆಲ್ಲ ಒಂದೇ ಮೀನು. ಸ್ಕೇಲ್, ಕಿವಿರು, ಕಣ್ಣು ಎಲ್ಲಾ ಸೇರಿ ಮಸಿ ಆಗುತ್ತದೆ. ಮೀನಿನವರು ಇನ್ನೂ ಡಿಟೇಲ್ ಹಾಕಿ ಅನ್ನುತ್ತಿದ್ದಾರೆ. ಹಾಕಿದಷ್ಟೂ ಹಾಳಾಗುತ್ತದೆ. ಇದನ್ನು ಅನುಭವ ಇರುವವರು ಹೇಗೆ ಬಿಡಿಸುತ್ತೀರಿ?

ಇನ್ನೊಂದು. ಮುಂದೆ ಸ್ವಂತವಾಗಿ ಫ್ರೀಲ್ಯಾನ್ಸ್ ಮಾಡುವ ಆಸೆ ಇದೆ. ಒಪ್ಪಂದ, ಹಣ, ಹಕ್ಕು ಇದರ ಬಗ್ಗೆಯೂ ತಿಳಿದವರು ಬರೆಯಿರಿ.

---

ಮಲ್ಪೆ_ದಕ್ಕೆ

ನಾನು ಡಿಸೈನರ್ ಅಲ್ಲ, ನಮ್ಮದು ಮೀನಿನ ವ್ಯಾಪಾರ. ಮೀನಿನ ಬಗ್ಗೆ ಹೇಳಬಲ್ಲೆ.

ಮಾಂಜಿಯನ್ನು ದೂರದಿಂದಲೇ ಗುರುತಿಸಬಹುದು. ಮೈ ಅಗಲ, ಹೆಚ್ಚುಕಡಿಮೆ ಎತ್ತರದಷ್ಟೇ ಉದ್ದ. ಬಾಲ ಆಳವಾಗಿ ಕವಲೊಡೆದಿರುತ್ತದೆ, ಕೆಳಗಿನ ಕವಲು ಮೇಲಿನದ್ದಕ್ಕಿಂತ ಉದ್ದ. ನಂಗು ಚಪ್ಪಟೆ. ಎರಡು ಕಣ್ಣೂ ಒಂದೇ ಬದಿಯಲ್ಲಿ. ಬಾಲ ಅಂತ ಬೇರೆ ಕಾಣುವುದೇ ಇಲ್ಲ, ಸುತ್ತಲಿನ ರೆಕ್ಕೆಯೇ ಬಾಲದ ತನಕ ಹೋಗುತ್ತದೆ. ಕಾಣೆ ಉದ್ದ, ಸಪೂರ, ಮೂತಿ ಚೂಪು. ಅಂಜಲ್ ದೊಡ್ಡ ಮೀನು, ಬಾಲ ಅರ್ಧಚಂದ್ರದ ಹಾಗೆ. ಗಿರಾಕಿಗಳು ಅದನ್ನು ಜಾಸ್ತಿ ತುಂಡಿನಲ್ಲೇ ನೋಡುವುದು. ಅಂಜಲ್‌ಗೆ ಇಡೀ ಮೀನು ಬಿಡಿಸುವ ಬದಲು ದುಂಡು ತುಂಡು, ನಡುವೆ ಮುಳ್ಳು, ಹಾಗೆ ಬಿಡಿಸಿದರೆ ಎಲ್ಲರಿಗೂ ಗೊತ್ತಾಗುತ್ತದೆ.

ಕಷ್ಟ ಇರುವುದು ಬಂಗುಡೆ ಮತ್ತು ಬೂತಾಯಿ. ಬಂಗುಡೆಗೆ ಬೆನ್ನ ಮೇಲೆ ಎರಡು ರೆಕ್ಕೆ, ಆಮೇಲೆ ಬಾಲದ ತನಕ ಚಿಕ್ಕ ಚಿಕ್ಕ ರೆಕ್ಕೆಗಳ ಸಾಲು. ಬೂತಾಯಿಗೆ ಬೆನ್ನ ನಡುವೆ ಒಂದೇ ರೆಕ್ಕೆ. ಅಷ್ಟು ಸಣ್ಣದರಲ್ಲಿ ಕಾಣುತ್ತದೋ ಇಲ್ಲವೋ, ನೀವೇ ನೋಡಿ.

---

ಮಣಿಪಾಲ_ಗ್ರಿಡ್

ಮಲ್ಪೆಯವರು ಕೊಟ್ಟದ್ದು ಚಿನ್ನದಂಥ ಮಾಹಿತಿ. ಐಕಾನ್ ಕೆಲಸ ಶುರುವಾಗಬೇಕಾದದ್ದೇ ಅಲ್ಲಿಂದ. ವಸ್ತುವನ್ನು ದಿನಾ ಮುಟ್ಟುವವರು ಅದನ್ನು ಯಾವುದರಿಂದ ಗುರುತಿಸುತ್ತಾರೆ ಅಂತ ಮೊದಲು ಕೇಳಬೇಕು. ಇಂಟರ್ನೆಟ್‌ನಲ್ಲಿ ಮೀನಿನ ಐಕಾನ್ ಹುಡುಕಿ ನೋಡಿಕೊಂಡು ಬಿಡಿಸಿದರೆ ಯಾವ ಸಮುದ್ರದ್ದೂ ಅಲ್ಲದ ಮೀನು ಬರುತ್ತದೆ.

ಈಗ ಬಂದರು ಬೀದಿಯವರ ಪ್ರಶ್ನೆಗೆ. ತಮ್ಮಾ, ಡಿಟೇಲ್ ಎಲ್ಲಾ ತೆಗೆದು ಬರೀ ಹೊರಗಿನ ಆಕಾರವನ್ನು ಕಪ್ಪು ತುಂಬಿಸಿ ನೋಡು. ಆ ಕಪ್ಪು ಆಕಾರದಲ್ಲೇ ಮೀನು ಯಾವುದೆಂದು ತಿಳಿಯಬೇಕು. ತಿಳಿಯದಿದ್ದರೆ ಒಳಗೆ ಎಷ್ಟು ಗೆರೆ ಎಳೆದರೂ ಪ್ರಯೋಜನ ಇಲ್ಲ. ಮಾಂಜಿ, ನಂಗು, ಕಾಣೆ ಈ ಪರೀಕ್ಷೆ ಪಾಸಾಗುತ್ತವೆ. ಅಂಜಲ್ ತುಂಡೂ ಪಾಸ್. ಹೊರಗಿನ ಆಕಾರ ಸಿಕ್ಕಿದ ಮೇಲೆ ಪ್ರತಿ ಮೀನಿಗೆ ಒಳಗೆ ಒಂದೇ ಒಂದು ಗುರುತು ಸೇರಿಸು. ಬಂಗುಡೆಗೆ ಬೆನ್ನಿನ ಪಟ್ಟೆ. ಸಾಕು. ಕಿವಿರು, ಸ್ಕೇಲ್ ಬೇಡ, ಅದು ಎಲ್ಲಾ ಮೀನಿಗೂ ಇರುವುದೇ.

ಗ್ರಿಡ್, ಅಂದರೆ ಐಕಾನ್ ಬಿಡಿಸುವ ಅಳತೆಯ ಚೌಕಟ್ಟಿನ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಇಲ್ಲೇ ಜಾಸ್ತಿ ಜನ ಎಡವುವುದು. ಗೂಗಲ್‌ನ ಮೆಟೀರಿಯಲ್ ಡಿಸೈನ್ ಪದ್ಧತಿಯಲ್ಲಿ 24ರ ಚೌಕಟ್ಟು. ಸುತ್ತ 2 ಬಿಟ್ಟು ಒಳಗಿನ 20ರಲ್ಲಿ ಬಿಡಿಸಬೇಕು. ಅದರೊಳಗೆ ಅಳತೆಗೆ ಮೂಲ ಆಕಾರಗಳಿವೆ. ಚೌಕ 18, ವೃತ್ತ 20, ಆಯತ 20 ಮತ್ತು 16. ವೃತ್ತ ಯಾಕೆ ಚೌಕಕ್ಕಿಂತ ದೊಡ್ಡದು? ಲೆಕ್ಕ ಹಾಕಿ ನೋಡಿ. 18ರ ಚೌಕದ ವಿಸ್ತೀರ್ಣ 324. 20ರ ವೃತ್ತದ್ದು ಸುಮಾರು 314. ಆಯತದ್ದು 320. ಹೆಚ್ಚುಕಡಿಮೆ ಒಂದೇ. ಅಂದರೆ ಸಮ ಮಾಡಬೇಕಾದದ್ದು ಉದ್ದ ಅಗಲ ಅಲ್ಲ, ಕಣ್ಣಿಗೆ ಬೀಳುವ ತೂಕ. ಇದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ನಿನ್ನ ಸೆಟ್‌ನಲ್ಲಿ ಇದೇ ತೊಂದರೆ ಇರಬೇಕು. ಕಾಣೆ ಉದ್ದ 20 ಬಂದರೂ ಎತ್ತರ 5 ಬರುವುದಿಲ್ಲ. ಪಕ್ಕದ ಏಡಿ ಇಡೀ ಚೌಕ ತುಂಬಿಕೊಂಡಿರುತ್ತದೆ. ಏಡಿಯನ್ನು ಸ್ವಲ್ಪ ಕುಗ್ಗಿಸು. ಕಾಣೆಯನ್ನು ಓರೆಯಾಗಿ ಇಟ್ಟರೆ ಜಾಗ ಜಾಸ್ತಿ ಸಿಗುತ್ತದೆ, 20ರ ಚೌಕದ ಕರ್ಣ 28 ಅಲ್ವಾ. ಆದರೆ ಒಂದನ್ನು ಓರೆ ಇಟ್ಟರೆ ಎಲ್ಲಾ ಮೀನನ್ನೂ ಅದೇ ಕೋನದಲ್ಲಿ ಇಡಬೇಕು. ತಲೆ ಎಲ್ಲದರದ್ದೂ ಒಂದೇ ಕಡೆ. ಮೀನಿನ ಶಾಸ್ತ್ರೀಯ ಚಿತ್ರಗಳಲ್ಲಿ ತಲೆ ಎಡಕ್ಕೆ ಇಡುವ ರೂಢಿ ಇದೆ, ಅದನ್ನೇ ಹಿಡಿಯಬಹುದು.

ಗೆರೆ ದಪ್ಪ 2. ಎರಡು ಗೆರೆಗಳ ನಡುವಿನ ಖಾಲಿಯೂ ಕನಿಷ್ಠ 2. ಅದಕ್ಕಿಂತ ಕಡಿಮೆ ಆದರೆ ನೀನು ಹೇಳಿದ ಮಸಿ ಶುರು.

---

ಹಂಪನಕಟ್ಟೆ_ಪ್ರಿಂಟ್

ಮಣಿಪಾಲದ ಅಕ್ಕ ಹೇಳಿದ್ದು ಸರಿ. ಒಂದು ಕಡೆ ಮಾತ್ರ ನನ್ನ ಅಭಿಪ್ರಾಯ ಬೇರೆ. ಮೀನಿಗೆ ಗೆರೆಯ ಐಕಾನ್ ಯಾಕೆ? ಪೂರ್ತಿ ತುಂಬಿಸಿ. ಗೆರೆಯಲ್ಲಿ ಬಿಡಿಸಿದರೆ ಒಂದು ಮೈಗೆ ಎರಡು ಅಂಚು, ಎರಡಕ್ಕೂ ದಪ್ಪ, ನಡುವೆ ಖಾಲಿ. ಕಾಣೆಯಂಥ ಸಪೂರ ಮೀನಿಗೆ ಅಷ್ಟು ಜಾಗವೇ ಇಲ್ಲ. ತುಂಬಿಸಿದರೆ ಇರುವ ಪಿಕ್ಸೆಲ್ ಎಲ್ಲಾ ಆಕಾರಕ್ಕೇ ಸಿಗುತ್ತದೆ. ಪಟ್ಟೆ ಬೇಕಾದರೆ ಒಳಗೆ ಬಿಳಿ ಗೆರೆ ಕಡಿಯಿರಿ.

ನಾನು ಬೋರ್ಡು, ಸ್ಟಿಕ್ಕರ್ ಕೆಲಸದಿಂದ ಬಂದವನು. ಒಂದೇ ಬಣ್ಣದಲ್ಲಿ, ದೂರದಿಂದ, ಬಸ್ಸಿನ ಕಿಟಕಿಯಿಂದ ಕಾಣಬೇಕು ಅನ್ನುವುದೇ ನಮ್ಮ ಲೆಕ್ಕ. 1951-52ರ ಮೊದಲ ಮಹಾಚುನಾವಣೆಯಲ್ಲಿ ಓದಲು ಬಾರದ ಕೋಟ್ಯಂತರ ಜನ ಚಿಹ್ನೆ ನೋಡಿ ಮತ ಹಾಕಿದರು. ಗುಡಿಸಲು, ಎತ್ತು, ದೀಪ. ದಿನಾ ನೋಡುವ ವಸ್ತು, ಸರಳ ಆಕಾರ. ನಮ್ಮ ದೇಶದ ಐಕಾನ್ ಪಾಠ ಅಲ್ಲೇ ಉಂಟು, ಅದನ್ನು ಯಾರೂ ಓದುವುದಿಲ್ಲ ಅನ್ನುವುದು ನನಗೆ ಬೇಸರ.

ಬುಟ್ಟಿ, ಹುಡುಕಾಟ, ವಿಳಾಸ ಇದನ್ನು ನೀವೇ ಬಿಡಿಸಬೇಡಿ. ಫೆದರ್, ಲೂಸೈಡ್, ಫಾಸ್ಫರ್, ಮೆಟೀರಿಯಲ್ ಸಿಂಬಲ್ಸ್ ಅಂತ ಸಿದ್ಧ ಐಕಾನ್ ಸೆಟ್‌ಗಳು ಉಚಿತ ಪರವಾನಗಿಯಲ್ಲಿ ಸಿಗುತ್ತವೆ, ವ್ಯಾಪಾರದ ಕೆಲಸಕ್ಕೂ ಬಳಸಬಹುದು. ಬಳಸುವ ಮೊದಲು ಪರವಾನಗಿ ಫೈಲ್ ಒಮ್ಮೆ ಓದಿ. ನೌನ್ ಪ್ರಾಜೆಕ್ಟ್ ಅನ್ನುವ ಐಕಾನ್ ವೆಬ್‌ಸೈಟ್‌ನದ್ದು ಬೇರೆ ರೀತಿ, ಅಲ್ಲಿ ಉಚಿತವಾಗಿ ತೆಗೆದರೆ ಬಿಡಿಸಿದವರ ಹೆಸರು ಹಾಕಬೇಕು. ಒಂದೇ ಆ್ಯಪ್‌ನಲ್ಲಿ ಎರಡು ಸೆಟ್ ಬೆರೆಸಬೇಡಿ. ಒಂದರ ಮೂಲೆ ದುಂಡು, ಇನ್ನೊಂದರದ್ದು ಚೂಪು ಇದ್ದರೆ ಜನರಿಗೆ ಕಾರಣ ಗೊತ್ತಾಗದಿದ್ದರೂ ಕಣ್ಣಿಗೆ ಕಿರಿಕಿರಿ. ನಿಮ್ಮ ಸಮಯವನ್ನು ಮೀನಿಗೆ ಇಡಿ, ಆ ಮೀನು ಯಾವ ಸೆಟ್‌ನಲ್ಲೂ ಸಿಗುವುದಿಲ್ಲ.

---

ಮಣಿಪಾಲ_ಗ್ರಿಡ್

ತುಂಬಿಸುವ ಮಾತು ಒಪ್ಪಿದೆ. ಮೀನು ತುಂಬಿದ್ದು, ಬುಟ್ಟಿ-ಹುಡುಕಾಟ ಗೆರೆಯದ್ದು ಇರಲಿ. ಒಂದು ಸರಕು, ಇನ್ನೊಂದು ಕೆಲಸ. ಆ ವ್ಯತ್ಯಾಸ ಕಣ್ಣಿಗೂ ಕಾಣುತ್ತದೆ.

---

ಬಂದರು_ಬೀದಿ

ಎಲ್ಲರಿಗೂ ತುಂಬಾ ಧನ್ಯವಾದ. ತುಂಬಿಸಿ ನೋಡಿದೆ. ಮಾಂಜಿ, ನಂಗು, ಕಾಣೆ, ಅಂಜಲ್ ತುಂಡು ಈಗ ಸ್ಪಷ್ಟ. ಬಂಗುಡೆ, ಬೂತಾಯಿ ಮಾತ್ರ 24ರಲ್ಲಿ ಇನ್ನೂ ಅಣ್ಣ ತಮ್ಮಂದಿರು. ಕೆಳಗೆ ಹೆಸರು ಹಾಕಿದರೆ ಜಾಗ ಸಾಕಾಗುವುದಿಲ್ಲ ಅಂತ ಮೀನಿನವರು ಹೇಳುತ್ತಾರೆ. ಹೆಸರು ಇಲ್ಲದೆ ನಡೆಸಬಹುದಾ?

---

ಮಣಿಪಾಲ_ಗ್ರಿಡ್

ಇಲ್ಲ. ಹೆಸರು ಬೇಕೇ ಬೇಕು. ಈ ವಿಷಯದಲ್ಲಿ ರಾಜಿ ಆಗಬೇಡ.

ಹೆಸರಿಲ್ಲದೆ ನಡೆಯುವ ಐಕಾನ್ ಬೆರಳೆಣಿಕೆಯಷ್ಟು. ಭೂತಗನ್ನಡಿ, ಮನೆ, ಮುಚ್ಚುವ ಗುರುತು. ಹೃದಯ ಹಾಕಿದರೆ ಒಬ್ಬರಿಗೆ ಇಷ್ಟ, ಇನ್ನೊಬ್ಬರಿಗೆ ಉಳಿಸಿಡು, ಮತ್ತೊಬ್ಬರಿಗೆ ಆರೋಗ್ಯ. ಎಲ್ಲವನ್ನೂ ಒಂದು ಚಿತ್ರವೇ ಹೇಳಬೇಕು ಅಂತ ಹಟ ಹಿಡಿಯುವುದರಿಂದ ಐಕಾನ್ ಕೆಡುತ್ತದೆ. ಐಕಾನ್ ಕಣ್ಣನ್ನು ಸರಿಯಾದ ಜಾಗಕ್ಕೆ ಕರೆದುಕೊಂಡು ಹೋಗಲಿ, ಖಾತ್ರಿ ಮಾಡುವುದು ಹೆಸರು. ಬೂತಾಯಿ ಬೇಕಿದ್ದ ಮನೆಗೆ ಬಂಗುಡೆ ಹೋದರೆ ಆ ಗಿರಾಕಿ ಮತ್ತೆ ಬರುತ್ತಾರಾ? ಮೀನಿನವರಿಗೆ ಹಾಗೆ ಕೇಳಿ ನೋಡು, ಜಾಗ ಸಿಗುತ್ತದೆ.

ಪಟ್ಟಿಯ ಪುಟದಲ್ಲಿ ಐಕಾನ್ ಬದಲು ಫೋಟೋ ಹಾಕಿದರೂ ಒಳ್ಳೆಯದೇ. ಮೀನು ಕೊಳ್ಳುವವರು ತಾಜಾ ಉಂಟಾ ಅಂತ ನೋಡುವುದು ಫೋಟೋದಲ್ಲೇ. ಐಕಾನ್ ಮೇಲಿನ ವಿಭಾಗಗಳಿಗೆ ಇರಲಿ.

ಕನ್ನಡ ಹೆಸರು ಹಾಕುವಾಗ ಒಂದು ಎಚ್ಚರ. ಇಂಗ್ಲಿಷ್ ಅಕ್ಷರಕ್ಕೆ ಅಳತೆ ಮಾಡಿದ ಸಾಲಿನ ಎತ್ತರದಲ್ಲಿ ನಮ್ಮ ಒತ್ತಕ್ಷರ ಕೆಳಗೆ ಕತ್ತರಿಸಿ ಹೋಗುತ್ತದೆ. 'ಬುಟ್ಟಿ', 'ವ್ಯಾಪಾರ' ಅಂತ ಹಾಕಿ ನೋಡು, ಗೊತ್ತಾಗುತ್ತದೆ. ಅಕ್ಷರದ ಗಾತ್ರದ ಒಂದೂವರೆ ಪಟ್ಟು ಸಾಲಿನ ಎತ್ತರ ಕೊಡು. ಡಿಸೈನ್ ಫೈಲ್‌ನಲ್ಲಿ ಇಂಗ್ಲಿಷ್ ಹೆಸರು ಇಟ್ಟು ಕೊನೆಗೆ ಕನ್ನಡ ತುಂಬಿಸುವ ಅಭ್ಯಾಸ ಬಿಡು. ಮೊದಲಿನಿಂದಲೇ ಕನ್ನಡದಲ್ಲಿ ಹಾಕು.

---

ಮಲ್ಪೆ_ದಕ್ಕೆ

ಇನ್ನೊಂದು ನೆನಪಾಯಿತು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಅರ್ಧಕ್ಕರ್ಧ ಮೀನು ಇರುವುದಿಲ್ಲ. 'ಇವತ್ತು ಇಲ್ಲ' ಅಂತ ತೋರಿಸುವುದು ಹೇಗೆ ಅಂತ ಈಗಲೇ ಯೋಚಿಸಿ. ಮಳೆಗಾಲದಲ್ಲಿ ಆ್ಯಪ್ ತೆರೆದರೆ ಇಡೀ ಪುಟ ಬೂದು ಬಣ್ಣ ಕಾಣಬಾರದು.

---

ಕೋಡ್_ಸುರತ್ಕಲ್

ಇದು ಬಹಳ ಮುಖ್ಯ. ಬೂದು ಮಾಡಿ ತಿಳಿ ಮಾಡಿದರೆ ಬಿಸಿಲಲ್ಲಿ ಏನೂ ಕಾಣುವುದಿಲ್ಲ. ಅರ್ಥ ಹೇಳುವ ಐಕಾನ್‌ಗೆ ಹಿನ್ನೆಲೆಯ ಜೊತೆ ಕನಿಷ್ಠ 3ಕ್ಕೆ 1 ಕಾಂಟ್ರಾಸ್ಟ್ (ತಿಳಿ-ಗಾಢ ವ್ಯತ್ಯಾಸ) ಇರಬೇಕು ಅಂತ 2018ರಲ್ಲಿ ಬಂದ ಡಬ್ಲ್ಯೂಸಿಎಜಿ 2.1, ಅಂದರೆ ವೆಬ್ ಎಲ್ಲರಿಗೂ ಬಳಸಲು ಬರುವಂತೆ ಮಾಡುವ ಮಾರ್ಗಸೂಚಿ, ಹೇಳುತ್ತದೆ. ಒತ್ತಲಾಗದ ಬಟನ್‌ಗಳಿಗೆ ಆ ನಿಯಮದಲ್ಲಿ ರಿಯಾಯಿತಿ ಇದೆ. ಆದರೂ 'ಇವತ್ತು ಇಲ್ಲ' ಅನ್ನುವುದು ಗಿರಾಕಿಗೆ ಬೇಕಾದ ಮಾಹಿತಿ, ಓದಲು ಬರಲೇಬೇಕು. ಐಕಾನ್ ಹಾಗೇ ಬಿಟ್ಟು ಪಕ್ಕದಲ್ಲಿ ಅಕ್ಷರದಲ್ಲಿ ಬರೆಯಿರಿ.

ಡೆವಲಪರ್ ಆಗಿ ನನ್ನ ಕೋರಿಕೆಗಳು. ಎಸ್‌ವಿಜಿ (ಎಷ್ಟು ದೊಡ್ಡ ಮಾಡಿದರೂ ಒಡೆಯದ ಚಿತ್ರದ ಫೈಲ್) ಕೊಡುವಾಗ ಎಲ್ಲಾ ಫೈಲ್‌ನ ಚೌಕಟ್ಟು 24 ಮತ್ತು 24 ಇರಲಿ. ಸುತ್ತಲಿನ ಖಾಲಿ ಕತ್ತರಿಸಿ, ಒಂದು 19 ಮತ್ತು 7, ಇನ್ನೊಂದು 20 ಮತ್ತು 18 ಅಂತ ಕಳಿಸಿದರೆ ನಾನು ಒಂದೊಂದನ್ನೇ ಕೈಯಲ್ಲಿ ಸಾಲು ಮಾಡಬೇಕು. ಬಣ್ಣವನ್ನು ಫೈಲ್‌ನೊಳಗೆ ಗಟ್ಟಿ ಮಾಡಬೇಡಿ, ಕರೆಂಟ್‌ಕಲರ್ (ಸುತ್ತಲಿನ ಅಕ್ಷರದ ಬಣ್ಣವನ್ನೇ ತೆಗೆದುಕೋ ಅನ್ನುವ ಸೂಚನೆ) ಅಂತ ಬಿಡಿ, ಆಗ ಡಾರ್ಕ್ ಮೋಡ್‌ಗೆ ಬೇರೆ ಸೆಟ್ ಬೇಡ. ಮಾಸ್ಕ್, ಅಡಗಿಸಿದ ಲೇಯರ್, ಒಳಗೆ ಸೇರಿಸಿದ ಫೋಟೋ ಎಲ್ಲಾ ತೆಗೆಯಿರಿ. ಗೆರೆಗಳನ್ನು ಔಟ್‌ಲೈನ್ ಮಾಡಿದ, ಅಂದರೆ ತುಂಬಿದ ಆಕಾರವಾಗಿ ಬದಲಿಸಿದ ಪ್ರತಿಯನ್ನು ನಮಗೆ ಕೊಡಿ, ಗೆರೆ ಹಾಗೇ ಇರುವ ಮೂಲವನ್ನು ನೀವು ಇಟ್ಟುಕೊಳ್ಳಿ. ನಾಳೆ ದಪ್ಪ ಬದಲಿಸಬೇಕಾದರೆ ಅದೇ ಬೇಕು.

ಐಕಾನ್ 24 ಇದ್ದರೂ ಬೆರಳು ತಾಗುವ ಜಾಗ ಆಂಡ್ರಾಯ್ಡ್‌ನಲ್ಲಿ 48, ಐಫೋನ್‌ನಲ್ಲಿ 44 ಇರಬೇಕು. ದಕ್ಕೆಯಲ್ಲಿ (ದೋಣಿ ನಿಲ್ಲುವ ಕಟ್ಟೆ) ಒದ್ದೆ ಕೈಯಲ್ಲಿ ಫೋನ್ ಹಿಡಿಯುವವರೂ ಇದನ್ನೇ ಬಳಸುತ್ತಾರೆ ಅಲ್ವಾ, ಇನ್ನೂ ಸ್ವಲ್ಪ ಜಾಸ್ತಿ ಕೊಟ್ಟರೆ ಒಳ್ಳೆಯದು.

---

ಕಂಕನಾಡಿ_ಯುಐ

ನಡುವೆ ಬಂದದ್ದಕ್ಕೆ ಕ್ಷಮಿಸಿ. ನಾನು ಒಂದು ಕ್ಲಿನಿಕ್‌ನ ಆ್ಯಪ್ ಮಾಡುತ್ತಿದ್ದೇನೆ. ಬಿಳಿ ಮೇಲೆ ಕೆಂಪು ಕ್ರಾಸ್ ಹಾಕಿದರೆ ಆಸ್ಪತ್ರೆ ಅಂತ ಎಲ್ಲರಿಗೂ ಥಟ್ಟನೆ ತಿಳಿಯುತ್ತದೆ. ಹಾಕಬಹುದಾ?

---

ಹಂಪನಕಟ್ಟೆ_ಪ್ರಿಂಟ್

ಹಾಕಬೇಡಿ ಮಾರಾಯ್ರೆ. ಬಿಳಿ ಮೇಲಿನ ಕೆಂಪು ಕ್ರಾಸ್ ಆಸ್ಪತ್ರೆಯ ಗುರುತು ಅಲ್ಲ. ಯುದ್ಧದಲ್ಲಿ ಗಾಯಾಳುಗಳನ್ನು, ಅವರ ವೈದ್ಯರನ್ನು ಕಾಪಾಡುವ ರಕ್ಷಣಾ ಚಿಹ್ನೆ ಅದು. ಭಾರತದಲ್ಲಿ 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಬಳಸುವುದು ಅಪರಾಧ. ಆಂಬುಲೆನ್ಸ್ ಮೇಲೆ, ಮೆಡಿಕಲ್ ಶಾಪ್ ಬೋರ್ಡಿನ ಮೇಲೆ ಕಾಣುತ್ತದೆ ಅಂತ ಅದು ಸರಿ ಆಗುವುದಿಲ್ಲ. ಸ್ಟೆತೊಸ್ಕೋಪ್ ಹಾಕಿ, ಅಥವಾ ಆ ಕ್ಲಿನಿಕ್ ಯಾವುದಕ್ಕೆ ಹೆಸರಾಗಿದೆಯೋ ಅದನ್ನು ಹಾಕಿ. ಕಣ್ಣಿನದ್ದಾದರೆ ಕಣ್ಣು, ಹಲ್ಲಿನದ್ದಾದರೆ ಹಲ್ಲು.

ಇದೇ ರೀತಿ ಆಹಾರದ ಆ್ಯಪ್ ಮಾಡುವವರು ಸಸ್ಯಾಹಾರ, ಮಾಂಸಾಹಾರದ ಗುರುತು ನೋಡಿಕೊಳ್ಳಿ. ಮೊದಲು ಎರಡೂ ಚೌಕದೊಳಗಿನ ವೃತ್ತ, ಬಣ್ಣ ಮಾತ್ರ ಬೇರೆ. ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮದಲ್ಲಿ ಮಾಂಸಾಹಾರಕ್ಕೆ ಕಂದು ತ್ರಿಕೋನ ಬಂತು. ಹಸಿರು, ಕಂದು ಬೇರೆ ಮಾಡಿ ನೋಡಲಾಗದವರಿಗೂ ಈಗ ಆಕಾರದಿಂದ ತಿಳಿಯುತ್ತದೆ. ಬಣ್ಣವನ್ನು ಮಾತ್ರ ನಂಬಬೇಡಿ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

---

ಚೌಕಿಮನೆ (ಉಡುಪಿ)

ನಾನು ವಿದ್ಯಾರ್ಥಿ. ಯಕ್ಷಗಾನ ಎಲ್ಲಿ ಯಾವ ಆಟ ಅಂತ ತಿಳಿಸುವ ಆ್ಯಪ್ ನನ್ನ ಕಾಲೇಜು ಪ್ರಾಜೆಕ್ಟ್. ಚೆಂಡೆ, ಮದ್ದಳೆ ಎರಡೂ ಐಕಾನ್‌ನಲ್ಲಿ ಬರೀ ಒಂದು ಡ್ರಮ್ ಆಗಿ ಕಾಣುತ್ತವೆ. ಏನು ಮಾಡಲಿ?

---

ಮಣಿಪಾಲ_ಗ್ರಿಡ್

ವಾದ್ಯ ಒಂದನ್ನೇ ಬಿಡಿಸಬೇಡ, ನುಡಿಸುವ ರೀತಿಯನ್ನು ಬಿಡಿಸು. ಚೆಂಡೆ ನೆಟ್ಟಗೆ ನಿಲ್ಲುತ್ತದೆ, ಮೇಲಿನ ಮುಖಕ್ಕೆ ಕೋಲಿನಿಂದ ಹೊಡೆಯುತ್ತಾರೆ. ಮದ್ದಳೆ ಅಡ್ಡ ಇರುತ್ತದೆ, ಎರಡು ಮುಖಕ್ಕೂ ಕೈಯಿಂದ ನುಡಿಸುತ್ತಾರೆ. ಒಂದು ನೆಟ್ಟಗೆ, ಎರಡು ಕೋಲಿನ ಜೊತೆ. ಇನ್ನೊಂದು ಅಡ್ಡ, ನಡು ಉಬ್ಬಿದ್ದು, ಕೋಲಿಲ್ಲ. ಇಷ್ಟರಲ್ಲೇ ಬೇರೆ ಆಗುತ್ತದೆ.

ವೇಷಕ್ಕೂ ಹಾಗೆಯೇ. ಮುಖವರ್ಣಿಕೆ 24 ಪಿಕ್ಸೆಲ್‌ನಲ್ಲಿ ಬರುವುದಿಲ್ಲ. ತಲೆಯ ಮೇಲಿನ ಕಿರೀಟ, ಮುಂಡಾಸಿನ ಹೊರಗೆರೆ ಸಾಕು. ತೆಂಕು, ಬಡಗು ಎರಡನ್ನೂ ಬಲ್ಲವರಿಗೆ ಆ ಹೊರಗೆರೆಯಿಂದಲೇ ತಿಟ್ಟು ಯಾವುದೆಂದು ತಿಳಿಯುತ್ತದೆ. ಬಿಡಿಸಿದ ಮೇಲೆ ಕಲಾವಿದರೊಬ್ಬರಿಗೆ ತೋರಿಸು. ಅವರು ಸುಮ್ನೆ 'ಚೆಂದ ಉಂಟು' ಅಂದರೆ ಸಾಲದು, ಹೆಸರು ಹೇಳದೆ ತೋರಿಸಿ, ಇದು ಎಂತ ಅಂತ ಕೇಳು.

ಕೈ ಪಳಗಲು ಒಂದು ಅಭ್ಯಾಸ. ಗ್ರಾಫ್ ಹಾಳೆ ತೆಗೆದುಕೋ, 32 ಮನೆ ಅಗಲ, 32 ಮನೆ ಎತ್ತರ. ಪೆನ್ಸಿಲ್‌ನಲ್ಲಿ ಮನೆ ತುಂಬಿಸಿ ಬಿಡಿಸು. 1984ರ ಆಪಲ್‌ನ ಮೊದಲ ಮ್ಯಾಕಿಂಟಾಷ್ ಕಂಪ್ಯೂಟರ್‌ನ ಐಕಾನ್‌ಗಳನ್ನು ಡಿಸೈನರ್ ಸೂಸನ್ ಕೇರ್ ಶುರು ಮಾಡಿದ್ದು ಹೀಗೇ, ಬರೀ ಕಪ್ಪು ಬಿಳುಪಿನಲ್ಲಿ. ಯಾವ ಮನೆ ಬಿಟ್ಟರೂ ನಡೆಯುತ್ತದೆ, ಯಾವುದು ಬಿಟ್ಟರೆ ಆಕಾರ ಕೆಡುತ್ತದೆ ಅನ್ನುವುದು ಕೈಗೆ ತಿಳಿಯುತ್ತದೆ. ಸಾಫ್ಟ್‌ವೇರ್‌ನಲ್ಲಿ ಝೂಮ್ ಮಾಡಿಕೊಂಡು ಕೂತರೆ ಇದು ಬರುವುದಿಲ್ಲ.

---

ಬಂದರು_ಬೀದಿ

ಈ ಅಭ್ಯಾಸ ನಾನೂ ಶುರು ಮಾಡುತ್ತೇನೆ. ಹಣ, ಒಪ್ಪಂದದ ಬಗ್ಗೆ ಹಂಪನಕಟ್ಟೆ ಅಣ್ಣ ಹೇಳಬೇಕು.

---

ಹಂಪನಕಟ್ಟೆ_ಪ್ರಿಂಟ್

ಐಕಾನ್‌ಗೆ ಇಷ್ಟು ಅಂತ ಎಣಿಸಿ ದರ ಹೇಳಬೇಡಿ. ಭೂತಗನ್ನಡಿಗೂ ಬೂತಾಯಿಗೂ ಒಂದೇ ಶ್ರಮ ಅಲ್ಲ. ಇಡೀ ಸೆಟ್‌ಗೆ ಒಂದು ಮೊತ್ತ ಹೇಳಿ, ಅದರಲ್ಲಿ ಎಷ್ಟು ಸಲ ತಿದ್ದಿಕೊಡುತ್ತೀರಿ ಅಂತ ಬರೆಯಿರಿ. ಅದರ ಮೇಲೆ ಬಂದ ತಿದ್ದುಪಡಿಗೆ ಬೇರೆ ಹಣ. ಕೆಲಸ ಶುರು ಮಾಡುವ ಮೊದಲು ಒಂದು ಭಾಗ ಮುಂಗಡ ತೆಗೆದುಕೊಳ್ಳಿ. ಪರಿಚಯದವರು, ಊರಿನವರು ಅಂತ ಬಾಯಿಮಾತಿನಲ್ಲಿ ಬಿಡಬೇಡಿ. ನಮ್ಮ ಊರಿನಲ್ಲಿ ಎಲ್ಲರೂ ಹೇಗೋ ಪರಿಚಯದವರೇ. ಅದಕ್ಕಾಗಿಯೇ ಬರೆದಿಡಬೇಕು, ಆಮೇಲೆ ಸಂಬಂಧ ಕೆಡುವುದಿಲ್ಲ.

ಹಕ್ಕು. ನೀವು ಸಂಬಳಕ್ಕೆ ಇರುವಾಗ ಕೆಲಸದ ಭಾಗವಾಗಿ ಬಿಡಿಸಿದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ, ಸ್ಟುಡಿಯೋದ್ದು. ಫ್ರೀಲ್ಯಾನ್ಸ್‌ನಲ್ಲಿ ಹಕ್ಕನ್ನು ಬಿಟ್ಟುಕೊಡುವುದಾದರೆ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಅದು ಬರವಣಿಗೆಯಲ್ಲಿ, ಸಹಿ ಸಮೇತ ಇರಬೇಕು. ಎಷ್ಟು ವರ್ಷ ಅಂತ ಬರೆಯದಿದ್ದರೆ 5 ವರ್ಷ ಅಂತಲೇ ಲೆಕ್ಕ. ಎಲ್ಲೆಲ್ಲಿ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಗಲ್ಫ್‌ನಲ್ಲೂ ಅಂಗಡಿ ಇಡುವವರು ನಮ್ಮಲ್ಲಿ ಕಡಿಮೆಯಾ? ಅವರಿಗೂ ಇದು ಗೊತ್ತಿರಬೇಕು, ನಿಮಗೂ. ಪೋರ್ಟ್‌ಫೋಲಿಯೋದಲ್ಲಿ (ನಿಮ್ಮ ಕೆಲಸದ ಮಾದರಿಗಳ ಸಂಗ್ರಹ) ತೋರಿಸುವ ಅನುಮತಿಯನ್ನೂ ಅದೇ ಕಾಗದದಲ್ಲಿ ಬರೆಸಿಕೊಳ್ಳಿ.

ಹಣ ತಡ ಆಗುವುದಕ್ಕೆ ಒಂದು ದಾರಿ. ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ ಮಾಡಿಸಿ. ಸರ್ಕಾರಿ ಪೋರ್ಟಲ್‌ನಲ್ಲಿ ಅದು ಪೂರ್ತಿ ಉಚಿತ, ಹಣ ಕೇಳುವ ವೆಬ್‌ಸೈಟ್‌ಗೆ ಹೋಗಬೇಡಿ. ನೋಂದಾಯಿತ ಸಣ್ಣ ಉದ್ಯಮಕ್ಕೆ, ಒಪ್ಪಂದ ಏನೇ ಇರಲಿ, 45 ದಿನದೊಳಗೆ ಹಣ ಕೊಡಬೇಕು ಅಂತ 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಮೀರಿದರೆ ಬಡ್ಡಿ. ಬಿಲ್ಲಿನ ಕೆಳಗೆ ಉದ್ಯಮ್ ಸಂಖ್ಯೆ ಹಾಕಿ. ಎಷ್ಟೋ ಸಲ ಅಷ್ಟಕ್ಕೇ ಹಣ ಬರುತ್ತದೆ.

---

ಮಣಿಪಾಲ_ಗ್ರಿಡ್

ಪೋರ್ಟ್‌ಫೋಲಿಯೋ ಬಗ್ಗೆ ಎರಡೇ ಮಾತು. ಐಕಾನ್‌ಗಳನ್ನು ಗೋಡೆಯಷ್ಟು ದೊಡ್ಡ ಮಾಡಿ, ನೆರಳು, ಬಣ್ಣ ಹಾಕಿ ತೋರಿಸಬೇಡ. ನಿಜವಾದ ಗಾತ್ರದಲ್ಲಿ, ನಿಜವಾದ ಪರದೆಯಲ್ಲಿ ತೋರಿಸು. ಬಿಡಿಸಿ ಕೈಬಿಟ್ಟ ಬೂತಾಯಿ ಚಿತ್ರ ಯಾವುದು, ಯಾಕೆ ಕೈಬಿಟ್ಟೆ ಅಂತ ಬರೆ. ಕೆಲಸಕ್ಕೆ ಜನ ತೆಗೆದುಕೊಳ್ಳುವಾಗ ನಾನು ಓದುವುದು ಅದನ್ನೇ.

---

ಬಂದರು_ಬೀದಿ

ಒಂದೇ ಒಂದು ಉಳಿದಿದೆ. ಆ್ಯಪ್‌ನದ್ದೇ ಐಕಾನ್. ಅಂಗಡಿಯ ಪೂರ್ತಿ ಹೆಸರು ಅದರೊಳಗೆ ಬರಬೇಕಂತೆ.

---

ಕೋಡ್_ಸುರತ್ಕಲ್

ಹೆಸರು ಐಕಾನ್ ಕೆಳಗೆ ಫೋನೇ ತೋರಿಸುತ್ತದೆ, ಎರಡು ಸಲ ಬೇಡ ಅಂತ ಹೇಳಿ. ಒಪ್ಪದಿದ್ದರೆ ಹೆಸರು ಹಾಕಿದ್ದು, ಹಾಕದ್ದು ಎರಡನ್ನೂ ಅವರ ಫೋನಿಗೇ ಇನ್‌ಸ್ಟಾಲ್ ಮಾಡಿ ಕೊಡಿ, ವಾಟ್ಸಾಪ್ ಪಕ್ಕದಲ್ಲಿ ಇಟ್ಟು ನೋಡಲಿ.

ಅಳತೆಗಳು: ಆಂಡ್ರಾಯ್ಡ್‌ಗೆ 108ರ ಚೌಕಟ್ಟು, ಹಿಂದೆ ಒಂದು ಲೇಯರ್, ಮುಂದೆ ಒಂದು. ಫೋನ್ ಕಂಪನಿ ಅದನ್ನು ವೃತ್ತ ಮಾಡಬಹುದು, ಚೌಕ ಮಾಡಬಹುದು. ಮೀನು ನಡುವಿನ 66ರ ವೃತ್ತದೊಳಗೇ ಇರಲಿ, ಇಲ್ಲದಿದ್ದರೆ ಬಾಲ ಹೋಗುತ್ತದೆ. ಪ್ಲೇ ಸ್ಟೋರ್‌ಗೆ 512, ಆ್ಯಪ್ ಸ್ಟೋರ್‌ಗೆ 1024. ಎರಡಕ್ಕೂ ಮೂಲೆ ದುಂಡು ಮಾಡದೆ ಕಳಿಸಿ, ಅವರೇ ಮಾಡುತ್ತಾರೆ. ಆಂಡ್ರಾಯ್ಡ್ 13ರಿಂದ ಒಂದೇ ಬಣ್ಣದ ಲೇಯರ್ ಕೂಡ ಕೇಳುತ್ತದೆ. ಕಪ್ಪು ತುಂಬಿಸಿದ ಮಾಂಜಿ ಇದ್ದರೆ ಅದನ್ನೇ ಕೊಡಿ, ಬೇರೆ ಬಿಡಿಸಬೇಕಾಗಿಲ್ಲ.